ಏಪ್ರಿಲ್‌ನಲ್ಲಿ ಕರಿಬೇವು ಸುಟ್ಟುಹೋಯಿತು. ಇಲ್ಲಿನ ಹವೆಯ ಏರುಪೇರು ನಿಜವಾಗಿ ಜಾಸ್ತಿ ಆಗಿದೆಯಾ?

ಮಿಚಿಗನ್ ಮಲ್ಲಿಗೆ
ಎಲ್ಲರಿಗೂ ನಮಸ್ಕಾರ. ನಾವು ಮಿಚಿಗನ್‌ನ ಗ್ರ್ಯಾಂಡ್ ರ್ಯಾಪಿಡ್ಸ್ ಹತ್ತಿರ ಇದ್ದೇವೆ. ಬಂದು 15 ವರ್ಷ ಆಯಿತು. ಗೆಳತಿಯೊಬ್ಬಳು ಊರು ಬಿಡುವಾಗ ಕೊಟ್ಟ ಕರಿಬೇವಿನ ಸಸಿ ಕುಂಡದಲ್ಲಿ ನನ್ನ ಎದೆಯೆತ್ತರಕ್ಕೆ ಬೆಳೆದಿತ್ತು. ಚಳಿಗಾಲ ಪೂರ್ತಿ ಅಡುಗೆಮನೆ ಕಿಟಕಿ ಪಕ್ಕ ಇಟ್ಟು ಕಾಪಾಡಿದ್ದೆ.

ಈ ಏಪ್ರಿಲ್‌ನಲ್ಲಿ ನಾಲ್ಕು ದಿನ ಸ್ವೆಟರ್ ಬೇಡ ಅನ್ನಿಸುವಷ್ಟು ಬಿಸಿಲು ಬಂತು. ಗಿಡಕ್ಕೂ ಸ್ವಲ್ಪ ಬಿಸಿಲು ಬೀಳಲಿ ಅಂತ ಹೊರಗೆ ಇಟ್ಟೆ. ಐದನೇ ರಾತ್ರಿ ಸೊನ್ನೆಗಿಂತ ಕೆಳಗೆ ಇಳಿಯಿತು. ಬೆಳಿಗ್ಗೆ ನೋಡಿದರೆ ಎಲೆಗಳೆಲ್ಲ ಕಪ್ಪಗಾಗಿ ಜೋತುಬಿದ್ದಿವೆ. ತುಂಬಾ ಬೇಜಾರಾಯಿತು.

ನನ್ನ ಪ್ರಶ್ನೆ ಇದು. ಇಂದು ಬಿಸಿಲು, ನಾಳೆ ಹಿಮ ಅನ್ನುವ ಈ ಏರುಪೇರು ಮೊದಲಿಗಿಂತ ಜಾಸ್ತಿ ಆಗಿದೆ ಅಂತ ನನಗೆ ಅನ್ನಿಸುತ್ತದೆ. ನಮ್ಮ ಯಜಮಾನರು ಒಪ್ಪುವುದಿಲ್ಲ. ಇಲ್ಲಿ ಯಾವಾಗಲೂ ಹೀಗೇ ಅನ್ನುತ್ತಾರೆ. ಭೂಮಿ ಬಿಸಿಯಾಗುತ್ತಿದೆ ಸರಿ, ಆದರೆ ಅದರ ಜೊತೆ ಏರಿಳಿತವೂ ಹೆಚ್ಚುತ್ತದಾ? ತಿಳಿದವರು ಹೇಳಿ.

ಡಲ್ಲಾಸ್ ದಾವಣಗೆರೆ
ಅಕ್ಕಾ, ಖಂಡಿತ ಜಾಸ್ತಿ ಆಗಿದೆ. 2021ರ ಫೆಬ್ರವರಿ ಮರೆಯುವುದು ಹೇಗೆ? 16ನೇ ತಾರೀಖು ಡಲ್ಲಾಸ್‌ನಲ್ಲಿ ಮೈನಸ್ 19 ಡಿಗ್ರಿ ಸೆಲ್ಸಿಯಸ್. ಟೆಕ್ಸಸ್‌ನಲ್ಲಿ! ನಮ್ಮ ಮನೆಯಲ್ಲಿ ಎರಡೂವರೆ ದಿನ ಕರೆಂಟ್ ಇರಲಿಲ್ಲ. ನೀರಿನ ಪೈಪ್ ಒಡೆದು ಅಟ್ಟದಿಂದ ಹಾಲ್‌ಗೆ ನೀರು ಸುರಿಯಿತು. ಮಗಳಿಗೆ ಆಗ ಎಂಟು ತಿಂಗಳು. ಕಾರಿನಲ್ಲಿ ಹೀಟರ್ ಹಾಕಿಕೊಂಡು ಕೂತಿದ್ದೆವು. ಗ್ಯಾರೇಜ್ ಬಾಗಿಲು ಮುಚ್ಚಿ ಕೂರಬೇಡಿ, ಹೊಗೆಯಲ್ಲಿ ಜೀವ ಹೋಗುತ್ತೆ ಅಂತ ಪಕ್ಕದವರು ಬಂದು ಹೇಳಿದ್ದಕ್ಕೆ ಉಳಿದೆವು. ರಾಜ್ಯದಲ್ಲಿ ಸತ್ತವರು ಸರ್ಕಾರದ ಲೆಕ್ಕದಲ್ಲೇ 246.

ಇದು ಹವಾಮಾನ ಬದಲಾವಣೆ ಅಲ್ಲದೆ ಇನ್ನೇನು?

ತೋಟದ ಮನೆ
ಮಲ್ಲಿಗೆ ಅಕ್ಕ, ಗಿಡ ಬಿಸಾಡಬೇಡಿ. ಬುಡ ಬದುಕಿರಬಹುದು. ಕಾಂಡವನ್ನು ಉಗುರಿನಿಂದ ಸ್ವಲ್ಪ ಕೆರೆದು ನೋಡಿ, ಒಳಗೆ ಹಸಿರು ಇದೆಯಾ ಅಂತ.

ಗಾಳಿಪಟ
ದಾವಣಗೆರೆಯವರೇ, ನೀವು ಪಟ್ಟ ಕಷ್ಟಕ್ಕೆ ನಾನು ಎದುರಾಡುವುದಿಲ್ಲ. ಆದರೆ ಒಂದು ಘಟನೆ ಇಟ್ಟುಕೊಂಡು ಏರಿಳಿತ ಹೆಚ್ಚಾಗಿದೆ ಅಂತ ಹೇಳಲು ಆಗುವುದಿಲ್ಲ. ಡಲ್ಲಾಸ್‌ನ ಅತಿ ಚಳಿಯ ದಾಖಲೆ ಇವತ್ತಿಗೂ 1899ರ ಫೆಬ್ರವರಿಯದ್ದೇ. ಮೈನಸ್ 22.

ಇನ್ನೂ ದೊಡ್ಡ ಉದಾಹರಣೆ ಬೇಕೇ? 1936. ನಾರ್ತ್ ಡಕೋಟಾದ ಪಾರ್ಶಲ್ ಅನ್ನುವ ಊರಲ್ಲಿ ಫೆಬ್ರವರಿಯಲ್ಲಿ ಮೈನಸ್ 51. ಅದೇ ರಾಜ್ಯದ ಸ್ಟೀಲ್‌ನಲ್ಲಿ ಅದೇ ವರ್ಷ ಜುಲೈನಲ್ಲಿ 49. ಒಂದೇ ರಾಜ್ಯ, ಐದು ತಿಂಗಳು, ನೂರು ಡಿಗ್ರಿ ವ್ಯತ್ಯಾಸ. ಎರಡೂ ದಾಖಲೆ ಇನ್ನೂ ಮುರಿದಿಲ್ಲ.

ಖಂಡದ ನಡುಭಾಗ ಇರುವುದೇ ಹೀಗೆ. ಉತ್ತರಕ್ಕೆ ಕೆನಡಾದ ಚಳಿ, ದಕ್ಷಿಣಕ್ಕೆ ಮೆಕ್ಸಿಕೊ ಕೊಲ್ಲಿಯ ಸೆಕೆ. ನಡುವೆ ಅಡ್ಡಲಾಗಿ ಒಂದು ಬೆಟ್ಟಸಾಲೂ ಇಲ್ಲ. ಗಾಳಿ ಯಾವ ಕಡೆಯಿಂದ ಬೀಸಿತೋ ಆ ಕಡೆಯ ಹವೆ ಬರುತ್ತದೆ. ಅಕ್ಕನ ಯಜಮಾನರು ಹೇಳಿದ್ದು ಅರ್ಧ ಸರಿ.

ಮಿಚಿಗನ್ ಮಲ್ಲಿಗೆ
ಅರ್ಧ ಸರಿ ಅಂದರೆ ಇನ್ನರ್ಧ?

ಹವಾಮಾನ ವಿದ್ಯಾರ್ಥಿ
ಮೇಡಂ, ನಾನು ಇದೇ ವಿಷಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ದಯವಿಟ್ಟು ಓದಿ.

ಮೊದಲು ಚಳಿಗಾಲ. ಊರಲ್ಲಿ ಸ್ನಾನಕ್ಕೆ ಹಂಡೆಯ ಬಿಸಿನೀರು, ಪಕ್ಕದಲ್ಲಿ ತೊಟ್ಟಿಯ ತಣ್ಣೀರು ಇರುತ್ತಿತ್ತಲ್ವಾ? ಬಕೆಟ್‌ಗೆ ಒಂದು ಚೊಂಬು ತಣ್ಣೀರು ಹೆಚ್ಚು ಬಿದ್ದರೆ ಮೈ ನಡುಗುತ್ತಿತ್ತು. ಒಂದು ಚೊಂಬು ಕಮ್ಮಿ ಆದರೆ ಚರ್ಮ ಸುಡುತ್ತಿತ್ತು. ಈಗ ಆ ತೊಟ್ಟಿಯ ನೀರೇ ಉಗುರುಬೆಚ್ಚಗೆ ಆಗಿದೆ ಅಂದುಕೊಳ್ಳಿ. ಒಂದು ಚೊಂಬು ಆಚೀಚೆ ಆದರೂ ಮೊದಲಿನಷ್ಟು ವ್ಯತ್ಯಾಸ ಗೊತ್ತಾಗುವುದಿಲ್ಲ.

ನೀವಿರುವ ಮಿಚಿಗನ್ ಆ ಬಕೆಟ್. ದಕ್ಷಿಣದ ಗಾಳಿ ಹಂಡೆ, ಉತ್ತರದ ಗಾಳಿ ತೊಟ್ಟಿ. 1979ರಿಂದ ಈಚೆಗೆ ಆರ್ಕ್ಟಿಕ್, ಅಂದರೆ ಉತ್ತರ ಧ್ರುವದ ಸುತ್ತಲಿನ ಪ್ರದೇಶ, ಭೂಮಿಯ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗದಲ್ಲಿ ಬಿಸಿಯಾಗಿದೆ. ಅಂದರೆ ತೊಟ್ಟಿಯ ನೀರು ಬೆಚ್ಚಗಾಗುತ್ತಿದೆ. ಉತ್ತರ ದಕ್ಷಿಣದ ನಡುವಿನ ಅಂತರ ಕಮ್ಮಿ ಆದರೆ ದಿನದಿಂದ ದಿನಕ್ಕೆ ಆಗುವ ಏರಿಳಿತವೂ ಕಮ್ಮಿ ಆಗಬೇಕು. ಲೆಕ್ಕವೂ ಅದನ್ನೇ ಹೇಳುತ್ತದೆ. ಹವಾಮಾನ ವಿಜ್ಞಾನಿ ಜೇಮ್ಸ್ ಸ್ಕ್ರೀನ್ 2014ರಲ್ಲಿ ತೋರಿಸಿದ್ದು ಇದೇ. ಉತ್ತರದ ಗಾಳಿ ತರುವ ಚಳಿಯ ದಿನಗಳು, ದಕ್ಷಿಣದ ಗಾಳಿ ತರುವ ಬೆಚ್ಚನೆಯ ದಿನಗಳಿಗಿಂತ ಬೇಗ ಬಿಸಿಯಾಗುತ್ತಿವೆ. ಮುಖ್ಯವಾಗಿ ಶರತ್ಕಾಲ ಮತ್ತು ಚಳಿಗಾಲದಲ್ಲಿ.

ಹಾಗಾಗಿ ನಿಮ್ಮ ಪ್ರಶ್ನೆಗೆ ಚಳಿಗಾಲದ ಉತ್ತರ: ಜಾಸ್ತಿ ಆಗಿಲ್ಲ. ಉತ್ತರದ ಕಡೆ ಕಮ್ಮಿಯೇ ಆಗುತ್ತಿದೆ.

ಡಲ್ಲಾಸ್ ದಾವಣಗೆರೆ
ಒಪ್ಪುವುದಿಲ್ಲ ಸರ್. ಜೆಟ್ ಸ್ಟ್ರೀಮ್, ಅಂದರೆ ತುಂಬಾ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುವ ಗಾಳಿಯ ವಿಷಯ ಯಾಕೆ ಬಿಟ್ಟಿರಿ? ಆರ್ಕ್ಟಿಕ್ ಬಿಸಿಯಾದರೆ ಮೇಲಿನ ಗಾಳಿ ಸೊರಗುತ್ತದೆ, ಹಾವಿನ ಹಾಗೆ ಬಳುಕುತ್ತದೆ, ಚಳಿ ಕೆಳಗೆ ಟೆಕ್ಸಸ್‌ವರೆಗೂ ಜಾರುತ್ತದೆ ಅಂತ ಟಿವಿಯಲ್ಲಿ ದೊಡ್ಡ ದೊಡ್ಡ ವಿಜ್ಞಾನಿಗಳೇ ಹೇಳಿದ್ದಾರಲ್ವಾ?

ಹವಾಮಾನ ವಿದ್ಯಾರ್ಥಿ
ಹೇಳಿದ್ದಾರೆ, ನಿಜ. 2012ರಲ್ಲಿ ಜೆನಿಫರ್ ಫ್ರಾನ್ಸಿಸ್ ಮತ್ತು ಸ್ಟೀಫನ್ ವಾವ್ರಸ್ ಈ ವಾದ ಮುಂದಿಟ್ಟರು. ಒಳ್ಳೆಯ ವಾದ. ಅದನ್ನು ಹಿಡಿದು ಹತ್ತಾರು ಜನ ಹುಡುಕಿದರು. ತೊಂದರೆ ಏನೆಂದರೆ, ಆರ್ಕ್ಟಿಕ್ ಬಿಸಿಯಾಗುತ್ತಲೇ ಹೋಯಿತು, ಆದರೆ ಆ ಬಳುಕು ಹೆಚ್ಚುತ್ತಾ ಹೋಗಲಿಲ್ಲ. 2020ರಲ್ಲಿ ರಸೆಲ್ ಬ್ಲ್ಯಾಕ್‌ಪೋರ್ಟ್ ಮತ್ತು ಅದೇ ಸ್ಕ್ರೀನ್ ಇದನ್ನು ಅಳೆದು ತೋರಿಸಿದರು.

ಇನ್ನೊಂದು ಕಾರಣವೂ ಇದೆ. ಆರ್ಕ್ಟಿಕ್‌ನ ಬಿಸಿ ನೆಲದ ಹತ್ತಿರ ಜಾಸ್ತಿ. ಜೆಟ್ ಸ್ಟ್ರೀಮ್ ಓಡುವುದು 10 ಕಿಲೋಮೀಟರ್ ಆಸುಪಾಸು ಎತ್ತರದಲ್ಲಿ. ಅಲ್ಲಿ ಉಷ್ಣವಲಯದ ಗಾಳಿ ಹೆಚ್ಚು ಬಿಸಿಯಾಗುತ್ತದೆ. ಕೆಳಗೆ ಅಂತರ ಕಮ್ಮಿ, ಮೇಲೆ ಅಂತರ ಜಾಸ್ತಿ. ಎರಡೂ ಕಡೆಯಿಂದ ಹಗ್ಗ ಎಳೆದ ಹಾಗೆ.

ಗಾಳಿಪಟ
2021ರಲ್ಲಿ ಜೂಡಾ ಕೋಹೆನ್ ತಂಡ ಬರೆದದ್ದನ್ನೂ ಹೇಳಿಬಿಡಿ. ಇಲ್ಲದಿದ್ದರೆ ಒಂದು ಕಡೆಯದ್ದೇ ಹೇಳಿದಂತಾಗುತ್ತದೆ.

ಹವಾಮಾನ ವಿದ್ಯಾರ್ಥಿ
ಸರಿ ಸರ್. ಪೋಲಾರ್ ವೋರ್ಟೆಕ್ಸ್ ಅಂದರೆ ಧ್ರುವದ ಮೇಲೆ ತುಂಬಾ ಎತ್ತರದಲ್ಲಿ ಸುತ್ತುವ ಚಳಿಗಾಳಿಯ ಸುಳಿ. ಅದು ದುಂಡಗಿರುವುದು ಬಿಟ್ಟು ರಬ್ಬರ್ ಬ್ಯಾಂಡ್ ತರಹ ಉದ್ದಕ್ಕೆ ಎಳೆದುಕೊಂಡಾಗ ಉತ್ತರ ಅಮೆರಿಕಕ್ಕೆ ಚಳಿ ನುಗ್ಗುತ್ತದೆ. ಆರ್ಕ್ಟಿಕ್‌ನ ಬದಲಾವಣೆಯಿಂದ ಇಂಥದ್ದು ಹೆಚ್ಚಾಗಿದೆ, ಟೆಕ್ಸಸ್ ಚಳಿಗೂ ಇದಕ್ಕೂ ನಂಟಿದೆ ಅಂತ ಅವರ ವಾದ. ಎಲ್ಲರೂ ಒಪ್ಪಿಲ್ಲ. ವಿಶ್ವಸಂಸ್ಥೆಯ ಹವಾಮಾನ ಸಮಿತಿಯಾದ ಐಪಿಸಿಸಿಯ 2021ರ ವರದಿ ಕೂಡ ಈ ನಂಟಿನ ಬಗ್ಗೆ ಗಟ್ಟಿಯಾಗಿ ಏನೂ ಹೇಳಿಲ್ಲ. ಚಳಿಯ ಅಲೆಗಳು ಒಟ್ಟಾರೆ ಕಮ್ಮಿಯಾಗಿವೆ, ಮೃದುವಾಗಿವೆ ಅನ್ನುವುದನ್ನು ಮಾತ್ರ ಅದು ಗಟ್ಟಿಯಾಗಿಯೇ ಹೇಳಿದೆ.

ಡಲ್ಲಾಸ್ ದಾವಣಗೆರೆ
ಮೃದುವಾಗಿವೆ ಅನ್ನುವ ಮಾತು ಆ ರಾತ್ರಿ ನಮ್ಮ ಮನೆಯಲ್ಲಿ ಇದ್ದವರಿಗೆ ಹೇಳಿ ನೋಡಿ.

ಹವಾಮಾನ ವಿದ್ಯಾರ್ಥಿ
ನೀವು ಹೇಳುವುದು ನ್ಯಾಯ. ನನ್ನ ಪದ ಸರಿಯಿರಲಿಲ್ಲ, ಕ್ಷಮಿಸಿ. ಸರಾಸರಿ ಲೆಕ್ಕ ಬೇರೆ, ಒಂದು ರಾತ್ರಿಯ ಸಂಕಟ ಬೇರೆ. ಟೆಕ್ಸಸ್‌ನ ಮನೆಗಳು ಚಳಿಗೆ ಅಂತ ಕಟ್ಟಿದವಲ್ಲ, ಪೈಪ್ ಹೊರಗೋಡೆಯಲ್ಲೇ ಇರುತ್ತವೆ. ಮಿನೆಸೋಟಾದಲ್ಲಿ ಮೈನಸ್ 19 ಅಂದರೆ ಮಕ್ಕಳು ಶಾಲೆಗೆ ಹೋಗುತ್ತಾರೆ.

ಗಣಿತ ಮೇಷ್ಟ್ರು
ನಾನು ತುಮಕೂರಿನವನು. ನಿವೃತ್ತ ಮೇಷ್ಟ್ರು. ಈಗ ಆರು ತಿಂಗಳು ಟೊರೊಂಟೊದಲ್ಲಿ ಮಗನ ಮನೆಯಲ್ಲಿ. ಇಲ್ಲಿ ಎರಡು ಬೇರೆ ವಿಷಯ ಕಲಸಿಹೋಗುತ್ತಿವೆ. ಬಿಡಿಸಿ ಹೇಳುತ್ತೇನೆ.

ತರಗತಿಯಲ್ಲಿ 60 ಮಕ್ಕಳು ಅಂತ ಇಟ್ಟುಕೊಳ್ಳಿ. ಎಲ್ಲರಿಗೂ 10 ಗ್ರೇಸ್ ಮಾರ್ಕ್ಸ್ ಕೊಟ್ಟೆ. ಮೊದಲನೆಯವನಿಗೂ ಕೊನೆಯವನಿಗೂ ಇರುವ ಅಂತರ ಒಂಚೂರೂ ಬದಲಾಗಲಿಲ್ಲ. ಆದರೆ 90 ದಾಟಿದವರು ಮೊದಲು ಇಬ್ಬರಿದ್ದರೆ ಈಗ ಎಂಟು ಹತ್ತು ಜನ. ನೋಡಿದವರು, ಏನಪ್ಪಾ ಇಷ್ಟೊಂದು ರ್ಯಾಂಕ್ ಅನ್ನುತ್ತಾರೆ. ಹರವು ಹೆಚ್ಚಾಗಿಲ್ಲ, ಇಡೀ ತರಗತಿ ಮೇಲಕ್ಕೆ ಸರಿದಿದೆ ಅಷ್ಟೇ.

ಬಿಸಿಯ ದಾಖಲೆಗಳು ಪದೇ ಪದೇ ಮುರಿಯುವುದಕ್ಕೆ ಈ ಸರಿದಾಟವೇ ಸಾಕು. ಏರಿಳಿತ ಹೆಚ್ಚಬೇಕೆಂದೇನೂ ಇಲ್ಲ. ಏರಿಳಿತ ಹೆಚ್ಚಿದೆಯೇ ಎಂದು ಕೇಳಿದರೆ ಅಂತರವನ್ನೇ ಅಳೆಯಬೇಕು.

ಗಾಳಿಪಟ
ಮೇಷ್ಟ್ರೇ, ಬಹಳ ಚೆನ್ನಾಗಿ ಹೇಳಿದಿರಿ. 2012ರಲ್ಲಿ ಹವಾಮಾನ ವಿಜ್ಞಾನಿ ಜೇಮ್ಸ್ ಹ್ಯಾನ್ಸನ್ ತಂಡದ ಲೇಖನ ಬಂದಾಗಲೂ ಇದೇ ಗೊಂದಲ ಆಯಿತು. 1951ರಿಂದ 1980ರವರೆಗಿನ ಕಾಲಕ್ಕೆ ಹೋಲಿಸಿ, ತಾಪಮಾನದ ಹರವು ತೋರಿಸುವ ಗಂಟೆಯಾಕಾರದ ರೇಖೆ ಬಲಕ್ಕೆ, ಅಂದರೆ ಬಿಸಿಯ ಕಡೆಗೆ ಸರಿದಿದೆ, ಅಗಲವೂ ಆಗಿದೆ ಅಂದರು. ಸರಿದದ್ದು ನಿಜ. ಅಗಲವಾಗಿ ಕಂಡದ್ದರಲ್ಲಿ ಬಹುಪಾಲು ಲೆಕ್ಕದ ಕ್ರಮದಿಂದ ಬಂದದ್ದು ಅಂತ ಆಮೇಲೆ ಬೇರೆಯವರು ತೋರಿಸಿದರು. ಬೇರೆ ಬೇರೆ ಊರು ಬೇರೆ ಬೇರೆ ವೇಗದಲ್ಲಿ ಬಿಸಿಯಾದಾಗ ಎಲ್ಲವನ್ನೂ ಒಂದೇ ರಾಶಿ ಹಾಕಿದರೆ ರಾಶಿ ಅಗಲ ಕಾಣುತ್ತದೆ.

ಬೆಂಗಳೂರಿಗ
ಬೆಂಗಳೂರಲ್ಲೂ ಹಾಗೇ ಆಗಿದೆ. 2024ರ ಏಪ್ರಿಲ್ 28ಕ್ಕೆ 38.5 ಡಿಗ್ರಿ! ಮೇ ತಿಂಗಳಲ್ಲಿ ಮಳೆ ಬಂದು ತಣ್ಣಗಾಯಿತು. ಏರಿಳಿತ ಅಂದರೆ ಇದೇ.

ಹವಾಮಾನ ವಿದ್ಯಾರ್ಥಿ
ಬೆಂಗಳೂರಿನ ಕಥೆ ಬೇರೆ ಸರ್. ನಾವು ಮಾತಾಡುತ್ತಿರುವುದು ಮಧ್ಯ ಅಕ್ಷಾಂಶ, ಸುಮಾರು 30ರಿಂದ 60 ಡಿಗ್ರಿ. ಅಲ್ಲಿ ಧ್ರುವದ ಗಾಳಿ, ಉಷ್ಣವಲಯದ ಗಾಳಿ ಎರಡೂ ಗುದ್ದಾಡುತ್ತವೆ. ಬೆಂಗಳೂರು 13 ಡಿಗ್ರಿಯಲ್ಲಿದೆ. ಅಲ್ಲಿ ಮಳೆ, ಮೋಡ, ಎಲ್ ನಿನೊ (ಪೆಸಿಫಿಕ್ ಸಾಗರ ಬಿಸಿಯೇರುವುದು), ಕಾಂಕ್ರೀಟ್ ಇವುಗಳ ಆಟ ಜಾಸ್ತಿ. ಬೇರೆ ಚರ್ಚೆ ಶುರು ಮಾಡಿ, ಬರುತ್ತೇನೆ.

ಮೈನ್ ದಂಡೆ
ಜರ್ಮನಿಯ ವ್ಯೂರ್ಟ್ಸ್‌ಬುರ್ಗ್‌ನಿಂದ. ಮಲ್ಲಿಗೆ ಅವರೇ, ನಿಮ್ಮ ಕರಿಬೇವಿನ ಕಥೆ ನಮ್ಮ ದ್ರಾಕ್ಷಿಯ ಕಥೆಯೇ. ಮೇಲೆ ಯಾರೂ ಅದನ್ನು ಹಿಡಿದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಇಲ್ಲಿ ಸುತ್ತಮುತ್ತ ಗುಡ್ಡವೆಲ್ಲ ದ್ರಾಕ್ಷಿ ತೋಟ. ನಾನು ಬಾಡಿಗೆಗಿರುವ ಮನೆಯ ಮಾಲೀಕರಿಗೂ ಸ್ವಲ್ಪ ತೋಟ ಇದೆ. ಅವರ ಅಪ್ಪನ ಕಾಲಕ್ಕಿಂತ ಈಗ ಬಳ್ಳಿ ಬೇಗ ಚಿಗುರುತ್ತದೆ ಅನ್ನುತ್ತಾರೆ. ಚಳಿಗಾಲ ಬೆಚ್ಚಗಿರುತ್ತದೆ, ಮಾರ್ಚ್ ಬಿಸಿಲಿಗೆ ಬಳ್ಳಿ ಎದ್ದುಬಿಡುತ್ತದೆ. ಆಮೇಲೆ ಏಪ್ರಿಲ್‌ನಲ್ಲಿ ಒಂದು ಫ್ರಾಸ್ಟ್, ಅಂದರೆ ನೀರು ಹೆಪ್ಪುಗಟ್ಟುವಷ್ಟು ಚಳಿಯ ರಾತ್ರಿ. ಆ ಫ್ರಾಸ್ಟ್ ಹಿಂದೆಯೂ ಬರುತ್ತಿತ್ತು. ಹಿಂದಿನದು ಇನ್ನೂ ಗಟ್ಟಿಯಾಗಿರುತ್ತಿತ್ತು. ಆದರೆ ಆಗ ಬಳ್ಳಿ ನಿದ್ದೆಯಲ್ಲಿರುತ್ತಿತ್ತು. ಈಗ ಎಳೆ ಚಿಗುರು ಹೊರಗೆ ಬಂದಿರುತ್ತದೆ. ಒಂದೇ ರಾತ್ರಿ ಸಾಕು.

2021ರ ಏಪ್ರಿಲ್ ಮೊದಲ ವಾರ ಫ್ರಾನ್ಸ್‌ನಲ್ಲಿ ಆದದ್ದು ಇದೇ. ಮಾರ್ಚ್ ಕೊನೆಯಲ್ಲಿ ದಾಖಲೆ ಬಿಸಿಲು, ವಾರದೊಳಗೆ ಫ್ರಾಸ್ಟ್. ರೈತರು ರಾತ್ರಿಯಿಡೀ ಸಾಲುಸಾಲಾಗಿ ಬೆಂಕಿ ಹಚ್ಚಿ ಕಾದರು. ಆದರೂ ಬಳ್ಳಿ ಸುಟ್ಟಿತು. ವಿಜ್ಞಾನಿಗಳು ಲೆಕ್ಕ ಹಾಕಿದಾಗ, ಚಿಗುರಿದ ಮೇಲೆ ಇಂಥ ಫ್ರಾಸ್ಟ್ ಬೀಳುವ ಸಾಧ್ಯತೆ ಹವಾಮಾನ ಬದಲಾವಣೆಯಿಂದ ಸುಮಾರು ಶೇ 60 ಹೆಚ್ಚಾಗಿತ್ತು. ಫ್ರಾಸ್ಟ್ ಹಿಂದಿಗಿಂತ ಬೆಚ್ಚಗಾಗಿದೆ. ನಷ್ಟ ಮಾತ್ರ ಹೆಚ್ಚಾಗಿದೆ. ಎರಡೂ ಒಟ್ಟಿಗೇ ನಿಜ.

ಮಿಚಿಗನ್ ಮಲ್ಲಿಗೆ
ಅಯ್ಯೋ, ಇದೇ! ಇದನ್ನೇ ನನಗೆ ಹೇಳಲು ಬರುತ್ತಿರಲಿಲ್ಲ. ಗಿಡವನ್ನು ಹೊರಗೆ ಇಟ್ಟದ್ದು ಆ ನಾಲ್ಕು ದಿನದ ಬಿಸಿಲು ನೋಡಿ. ಏಪ್ರಿಲ್ ಚಳಿ ಹೊಸದಲ್ಲ. ಮೊದಲಾಗಿದ್ದರೆ ಏಪ್ರಿಲ್‌ನಲ್ಲಿ ಹೊರಗೆ ಇಡುವ ಯೋಚನೆಯೇ ಬರುತ್ತಿರಲಿಲ್ಲ.

ಗಾಳಿಪಟ
ಅಕ್ಕಾ, ನಿಮ್ಮ ರಾಜ್ಯದ್ದೇ ಉದಾಹರಣೆ ಇದೆ. 2012ರ ಮಾರ್ಚ್‌ನಲ್ಲಿ ಮಿಚಿಗನ್‌ನಲ್ಲಿ ಬೇಸಿಗೆ ಬಂದಹಾಗೆ ಬಿಸಿಲು ಬಂತು. ಚೆರಿ ಮರಗಳು ವಾರಗಟ್ಟಲೆ ಮೊದಲೇ ಮೊಗ್ಗು ಬಿಟ್ಟವು. ಏಪ್ರಿಲ್‌ನಲ್ಲಿ ಮೇಲಿಂದ ಮೇಲೆ ಫ್ರಾಸ್ಟ್. ಹುಳಿ ಚೆರಿ ಬೆಳೆ ಸುಮಾರು ಶೇ 90 ಹೋಯಿತು. ಅಮೆರಿಕದ ಹುಳಿ ಚೆರಿಯಲ್ಲಿ ಮುಕ್ಕಾಲು ಪಾಲು ಬೆಳೆಯುವುದು ಅಲ್ಲೇ.

ಮಿಚಿಗನ್ ಮಲ್ಲಿಗೆ
ನೆನಪಿದೆ. ಆ ವರ್ಷ ಟ್ರಾವರ್ಸ್ ಸಿಟಿ ಕಡೆ ಹೋಗಿದ್ದೆವು. ತೋಟದ ಬಾಗಿಲಲ್ಲಿ "ಈ ವರ್ಷ ಹಣ್ಣಿಲ್ಲ" ಅಂತ ಬೋರ್ಡ್ ಹಾಕಿದ್ದರು. ನಮ್ಮ ಪಕ್ಕದ ಮನೆಯ ಅಜ್ಜ ಮೇಪಲ್ ಮರದಿಂದ ರಸ ಇಳಿಸಿ ಸಿರಪ್ ಕಾಯಿಸುತ್ತಾರೆ. ರಾತ್ರಿ ಸೊನ್ನೆಗಿಂತ ಕೆಳಗೆ, ಹಗಲು ಸೊನ್ನೆಗಿಂತ ಮೇಲೆ ಇದ್ದರೆ ಮಾತ್ರ ರಸ ಇಳಿಯುತ್ತದಂತೆ. ಅವರ ಕೆಲಸ ನಡೆಯುವುದೇ ಏರಿಳಿತದಿಂದ. ರಾತ್ರಿಗಳು ಬೆಚ್ಚಗಾದರೆ ರಸ ನಿಲ್ಲುತ್ತದೆ ಅಂತ ಅವರಿಗೆ ಚಿಂತೆ.

ಶಿಮ್ಲಾ ಸೇಬು
ಕೊಡಗಿನವನು, ಕೆಲಸ ಶಿಮ್ಲಾದಲ್ಲಿ. 31 ಡಿಗ್ರಿ ಅಕ್ಷಾಂಶ, ಹಾಗಾಗಿ ನಾನೂ ನಿಮ್ಮ ಲೆಕ್ಕಕ್ಕೆ ಸೇರುತ್ತೇನೆ. ಇಲ್ಲಿ ಸೇಬಿನವರ ಗೋಳು ಇನ್ನೊಂದು. ಹಳೆಯ ತಳಿಗಳಿಗೆ ಚಳಿಗಾಲದಲ್ಲಿ 7 ಡಿಗ್ರಿಗಿಂತ ಕೆಳಗೆ ಸಾವಿರ ಗಂಟೆಗೂ ಹೆಚ್ಚು ಚಳಿ ಬೇಕು. ಸಿಗದಿದ್ದರೆ ಹೂವು ಸರಿಯಾಗಿ ಬಿಡುವುದಿಲ್ಲ. ಕೆಳಗಿನ ತೋಟಗಳಲ್ಲಿ ಸೇಬು ಬಿಟ್ಟು ಬೇರೆ ಹಣ್ಣು ಹಾಕುತ್ತಿದ್ದಾರೆ. ಸೇಬು ಮೇಲೆ ಮೇಲೆ ಹತ್ತುತ್ತಿದೆ, ಕಿನ್ನೌರ್, ಲಾಹೌಲ್ ಕಡೆಗೆ. ಇಲ್ಲಿಗೆ ಹಿಮ ತರುವ ಗಾಳಿಗಳೂ ಮೆಡಿಟರೇನಿಯನ್ ಕಡೆಯಿಂದಲೇ ಬರುತ್ತವೆ. ನಾವು ವೆಸ್ಟರ್ನ್ ಡಿಸ್ಟರ್ಬೆನ್ಸ್ ಅನ್ನುತ್ತೇವೆ.

ತೋಟದ ಮನೆ
ಶಿಮ್ಲಾದವರೇ, ಬಯಲುಸೀಮೆಯಲ್ಲೂ ಈಗ ಸೇಬು ಹಾಕಿದವರಿದ್ದಾರೆ. ಕಡಿಮೆ ಚಳಿ ಸಾಕಾಗುವ ತಳಿ ಅಂತೆ. ರುಚಿ ಹೇಗೆ?

ಶಿಮ್ಲಾ ಸೇಬು
ಎಚ್‌ಆರ್‌ಎಂಎನ್-99 ಇರಬೇಕು, ಬಿಲಾಸ್‌ಪುರದ ರೈತ ಹರಿಮನ್ ಶರ್ಮಾ ಅವರ ತಳಿ. ರುಚಿ ಪರವಾಗಿಲ್ಲ. ಕಿನ್ನೌರ್ ಸೇಬು ತಿಂದವರಿಗೆ ಸಾಲದು.

ಹವಾಮಾನ ವಿದ್ಯಾರ್ಥಿ
ಮತ್ತೆ ವಿಷಯಕ್ಕೆ ಬರುತ್ತೇನೆ, ಬೇಸಿಗೆಯ ಮಾತು ಬಾಕಿ ಇದೆ. ಚಳಿಗಾಲದ್ದು ಕೇಳಿ ಸಮಾಧಾನ ಪಟ್ಟುಕೊಳ್ಳಬೇಡಿ. ಬೇಸಿಗೆಯಲ್ಲಿ ಕಥೆ ಉಲ್ಟಾ.

ಊರಲ್ಲಿ ಸಂಜೆ ಅಂಗಳಕ್ಕೆ ನೀರು ಚಿಮುಕಿಸಿದರೆ ತಂಪಾಗುತ್ತದಲ್ವಾ? ನೀರು ಆವಿಯಾಗುವಾಗ ಬಿಸಿಯನ್ನು ಎಳೆದುಕೊಳ್ಳುತ್ತದೆ. ಮಣ್ಣು ಹಸಿಯಾಗಿದ್ದರೆ ಬಿಸಿಲಿನ ಬಹುಪಾಲು ಆವಿ ಮಾಡುವುದರಲ್ಲೇ ಖರ್ಚಾಗುತ್ತದೆ. ಮಣ್ಣು ಒಣಗಿತೋ, ಅದೇ ಬಿಸಿಲು ನೇರವಾಗಿ ಗಾಳಿಯನ್ನು ಕಾಯಿಸುತ್ತದೆ. ಮಧ್ಯ ಯುರೋಪ್ ಮೊದಲು ಹೆಚ್ಚುಕಮ್ಮಿ ಯಾವಾಗಲೂ ಹಸಿ. ಈಗ ಕೆಲವು ವರ್ಷ ಹಸಿ, ಕೆಲವು ವರ್ಷ ಬೂದಿ. ಹಸಿಯಿದ್ದ ವರ್ಷ ಹದವಾದ ಬಿಸಿ, ಒಣಗಿದ ವರ್ಷ ಸುಡುಬಿಸಿ. ಏರಿಳಿತ ಹೆಚ್ಚುವುದು ಇಲ್ಲಿ.

2003ರ ಬೇಸಿಗೆಯಲ್ಲಿ ಫ್ರಾನ್ಸ್ ಒಂದರಲ್ಲೇ ಸುಮಾರು 15,000 ಜನ ಸತ್ತರು. ಸರಾಸರಿ ಸರಿದದ್ದು ಮಾತ್ರ ಇಟ್ಟುಕೊಂಡರೆ ಆ ಬೇಸಿಗೆ ಲೆಕ್ಕಕ್ಕೇ ಸಿಗುತ್ತಿರಲಿಲ್ಲ, ಅಷ್ಟು ದೂರ ಹಾರಿತ್ತು. ಏರಿಳಿತವೂ ಹೆಚ್ಚಿರಬೇಕು ಅಂತ 2004ರಲ್ಲಿ ಕ್ರಿಸ್ಟೋಫ್ ಶೆರ್ ತಂಡ ವಾದಿಸಿತು. ಮುಂದೆ ಯುರೋಪಿನ ಬೇಸಿಗೆಯ ಹರವು ಇನ್ನೂ ಹೆಚ್ಚುತ್ತದೆ ಅಂತ ಕಂಪ್ಯೂಟರ್ ಮಾಡೆಲ್‌ಗಳೂ ಹೇಳುತ್ತವೆ.

ಗಣಿತ ಮೇಷ್ಟ್ರು
ಹಾಗಾದರೆ ನನ್ನ ಗ್ರೇಸ್ ಮಾರ್ಕ್ಸ್ ಮಾತು ಬೇಸಿಗೆಗೆ ಪೂರ್ತಿ ಸಾಲದು. ಒಪ್ಪಿದೆ. ಕೆನಡಾದ ಲಿಟನ್ ಇದಕ್ಕೇ ಸೇರುತ್ತದೆಯೇ? 2021ರ ಜೂನ್ 29ರಂದು 49.6 ಡಿಗ್ರಿ. ಅದಕ್ಕೂ ಮೊದಲು ಇಡೀ ದೇಶದ ದಾಖಲೆ 1937ರ 45. ದಾಖಲೆ ಅರ್ಧ ಡಿಗ್ರಿ ಮುರಿಯುವುದು ಸಹಜ. ನಾಲ್ಕೂವರೆ ಡಿಗ್ರಿ ಮುರಿಯುವುದು ಅಂದರೆ, ನೂರಕ್ಕೆ ನೂರು ತೆಗೆದವನು ಇರುವ ತರಗತಿಯಲ್ಲಿ ಒಬ್ಬ ಬಂದು ನೂರಿಪ್ಪತ್ತು ತೆಗೆದ ಹಾಗೆ. ಮರುದಿನ ಆ ಊರೇ ಸುಟ್ಟುಹೋಯಿತು. ಇಲ್ಲಿನ ಸುದ್ದಿಯಲ್ಲಿ ನೋಡಿ ನನಗೆ ಅಂದು ಊಟ ಸೇರಲಿಲ್ಲ.

ಹವಾಮಾನ ವಿದ್ಯಾರ್ಥಿ
ಒಣ ಮಣ್ಣಿನದ್ದೂ ಅದರಲ್ಲಿ ಒಂದು ಪಾಲು ಇತ್ತು ಮೇಷ್ಟ್ರೇ. ಅದರ ಮೇಲೆ ಗಾಳಿ ಮುಚ್ಚಳದ ಹಾಗೆ ಕೂತಿತ್ತು, ಕದಲಲಿಲ್ಲ. ಹಾಗೆ ಒಂದೇ ಕಡೆ ಕೂರುವುದು ಹೆಚ್ಚಾಗುತ್ತಿದೆಯಾ ಅನ್ನುವುದೇ ಈಗ ಬಿಸಿಬಿಸಿ ಚರ್ಚೆ. ಯುರೋಪಿನ ಮಟ್ಟಿಗೆ, ಜೆಟ್ ಸ್ಟ್ರೀಮ್ ಎರಡಾಗಿ ಸೀಳಿಕೊಂಡು ಹೆಚ್ಚು ದಿನ ನಿಲ್ಲುವುದಕ್ಕೂ ಅಲ್ಲಿನ ಬಿಸಿ ಅಲೆಗಳಿಗೂ ನಂಟಿದೆ ಅಂತ 2022ರಲ್ಲಿ ಒಂದು ಅಧ್ಯಯನ ಬಂತು. ಪಶ್ಚಿಮ ಯುರೋಪಿನಲ್ಲಿ ಬಿಸಿ ಅಲೆಗಳು ಉಳಿದ ಮಧ್ಯ ಅಕ್ಷಾಂಶಕ್ಕಿಂತ ಮೂರು ನಾಲ್ಕು ಪಟ್ಟು ವೇಗದಲ್ಲಿ ಹೆಚ್ಚಿವೆ ಅಂತಲೂ ಅದರಲ್ಲಿದೆ.

ಡಲ್ಲಾಸ್ ದಾವಣಗೆರೆ
ಸರಿ, ನಾನು ಅರ್ಧ ಹಿಂದೆ ಸರಿಯುತ್ತೇನೆ. ಚಳಿ ಹೆಚ್ಚಿದೆ ಅನ್ನುವುದನ್ನು ಬಿಟ್ಟೆ. ಆದರೆ ಒಂದು ಮಾತು. "ಚಳಿ ಕಮ್ಮಿ ಆಗುತ್ತಿದೆ" ಅಂತ ಹೇಳುತ್ತಾ ಹೋದರೆ ಯಾರೂ ಪೈಪ್ ಸರಿ ಮಾಡಿಸುವುದಿಲ್ಲ, ಕರೆಂಟಿನವರೂ ತಯಾರಿ ಮಾಡುವುದಿಲ್ಲ. ಅಪರೂಪಕ್ಕೆ ಬಂದ ಚಳಿಯೇ ಹೆಚ್ಚು ಕೊಲ್ಲುತ್ತದೆ. ಅದನ್ನೂ ಬರೆಯಿರಿ ಸರ್ ನಿಮ್ಮ ಪಿಎಚ್‌ಡಿಯಲ್ಲಿ.

ಹವಾಮಾನ ವಿದ್ಯಾರ್ಥಿ
ಖಂಡಿತ ಬರೆಯುತ್ತೇನೆ.

ಮೈನ್ ದಂಡೆ
ಮಲ್ಲಿಗೆ ಅವರೇ, ಇಲ್ಲಿ ಜರ್ಮನಿಯಲ್ಲಿ ಒಂದು ರೂಢಿ ಇದೆ. ಮೇ 11ರಿಂದ 15ರವರೆಗೆ "ಐಸ್‌ಹೈಲಿಗೆ", ಅಂದರೆ ಹಿಮದ ಸಂತರ ದಿನಗಳು. ಅದು ಕಳೆಯುವ ತನಕ ಟೊಮೆಟೊ ಸಸಿಯನ್ನೂ ಹೊರಗೆ ಇಡುವುದಿಲ್ಲ. ಮಾರ್ಚ್ ಎಷ್ಟೇ ಬಿಸಿಯಿರಲಿ, ನಾನು ಕರಿಬೇವನ್ನು 15 ದಾಟಿದ ಮೇಲೆಯೇ ತೆಗೆಯುತ್ತೇನೆ.

ಮಿಚಿಗನ್ ಮಲ್ಲಿಗೆ
ಇಲ್ಲಿ ಮದರ್ಸ್ ಡೇ ಆದಮೇಲೆ ಅನ್ನುತ್ತಾರೆ. ಅದೂ ಮೇ ಎರಡನೇ ಭಾನುವಾರ, ಹೆಚ್ಚುಕಮ್ಮಿ ಅದೇ ದಿನ. ಇನ್ನು ಮುಂದೆ ಕ್ಯಾಲೆಂಡರ್ ನೋಡಿಯೇ ಇಡುತ್ತೇನೆ, ಬಿಸಿಲು ನೋಡಿ ಅಲ್ಲ.

ತೋಟದ ಮನೆಯವರೇ, ಕಾಂಡ ಕೆರೆದು ನೋಡಿದೆ. ಮೇಲೆಲ್ಲ ಕಂದು. ಬುಡದಿಂದ ಒಂದು ಗೇಣು ಹಸಿರು ಇದೆ. ಈಗ ಏನು ಮಾಡಲಿ?

ತೋಟದ ಮನೆ
ಹಸಿರು ಇರುವಲ್ಲಿಂದ ಒಂದು ಬೆರಳು ಮೇಲೆ ಬಿಟ್ಟು ಓರೆಯಾಗಿ ಕತ್ತರಿಸಿ. ಕತ್ತಿ ಚೂಪಾಗಿರಲಿ. ಮನೆಯೊಳಗೆ ಬೆಳಕಿರುವ ಕಡೆ ಇಡಿ. ನೀರು ಕಮ್ಮಿ ಹಾಕಿ, ಮಣ್ಣು ಒಣಗಿದ ಮೇಲೆ ಮಾತ್ರ. ಗೊಬ್ಬರ ಈಗ ಬೇಡ. ಚಿಗುರು ಕಂಡಮೇಲೆ ಹುಳಿ ಮಜ್ಜಿಗೆಯನ್ನು ನೀರಿಗೆ ಬೆರೆಸಿ ಬುಡಕ್ಕೆ ಹಾಕಿ. ತಿಂಗಳು ಕಾಯಬೇಕಾಗುತ್ತದೆ.

ಮಿಚಿಗನ್ ಮಲ್ಲಿಗೆ
ಕತ್ತರಿಸಿದೆ ಅಣ್ಣ. ಕಿಟಕಿ ಪಕ್ಕ ವಾಪಸ್ ಇಟ್ಟಿದ್ದೇನೆ.